ಮುಚ್ಚಿದ ಟ್ಯೂಬಿನಲ್ಲಿ ದ್ರವ ತಣಿದಾಗ: ಗೋಡೆಯ ದಪ್ಪ ಲೆಕ್ಕ ಹಾಕುವುದು ಹೇಗೆ?

ಎರಡೂ ತುದಿಯ ವಾಲ್ವ್ ಮುಚ್ಚಿದ ಟ್ಯೂಬಿನಲ್ಲಿ 80 ಡಿಗ್ರಿ ಸೆಲ್ಸಿಯಸ್‌ನ ನೀರು ಸಿಕ್ಕಿಕೊಂಡಿದೆ ಎನ್ನಿ. 20 ಡಿಗ್ರಿಗೆ ಇಳಿಯುವಷ್ಟರಲ್ಲಿ ಅದು ಶೇ 2.6ರಷ್ಟು ಕುಗ್ಗಿರುತ್ತದೆ. ಒಳವ್ಯಾಸ 6 ಮಿ.ಮೀ. ಇದ್ದರೆ ಒಂದು ಮೀಟರ್ ಟ್ಯೂಬು ಹಿಡಿಯುವುದು 28 ಮಿ.ಲೀ.; ಕಮ್ಮಿಯಾಗುವುದು ಮುಕ್ಕಾಲು ಮಿ.ಲೀ. ಅಷ್ಟೇ ತಾನೆ ಎನ್ನಬೇಡಿ. ಮೆತ್ತನೆಯ ಟ್ಯೂಬು ಉದ್ದಕ್ಕೂ ಸಮನಾಗಿ ಕುಗ್ಗುವುದು ಅಪರೂಪ. ಬಾಗಿದ ಕಡೆ ಒಂದಿಂಚು ಪೂರ್ತಿ ಚಪ್ಪಟೆಯಾದರೆ ಆ ಮುಕ್ಕಾಲು ಮಿ.ಲೀ. ಲೆಕ್ಕ ಚುಕ್ತಾ!

ಮೊದಲು ಹೊರೆ ಗೊತ್ತುಮಾಡಿ. ದ್ರವ ಕುಗ್ಗಿ ಒಳಗಿನ ಒತ್ತಡ ಇಳಿದಾಗ ಹೊರಗಿನ ಒತ್ತಡ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಹೊರಗಿರುವುದು ಬರೀ ಗಾಳಿಯಾದರೆ, ಎಷ್ಟೇ ತಣಿದರೂ ಗೋಡೆಯ ಮೇಲೆ ಬೀಳುವುದು ಸುಮಾರು 0.1 ಮೆಗಾಪಾಸ್ಕಲ್, ಅಂದರೆ ವಾತಾವರಣದ ಒತ್ತಡದಷ್ಟು. ಮೂರು ಪಟ್ಟು ಸುರಕ್ಷತೆ ಸೇರಿಸಿ 0.3 ಹಿಡಿಯಿರಿ.

ಟ್ಯೂಬು ಇಲ್ಲಿ ಸೋಲುವುದು ಒಡೆದು ಅಲ್ಲ, ಗೋಡೆ ಒಳಕ್ಕೆ ಬಾಗಿ ಕುಸಿದು. ಹಾಗಾಗಿ ಕ್ಯಾಟಲಾಗಿನ ಬರ್ಸ್ಟ್ ಪ್ರೆಶರ್ (ಒಳಗಿನಿಂದ ಒಡೆಯುವ ಒತ್ತಡ) ಅನ್ನು ಮರೆತು ಯಂಗ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಎನ್ನುವ ಅಳತೆ) ನೋಡಿ. ಅದರ ಎರಡರಷ್ಟನ್ನು, ಒಂದರಿಂದ ಪಾಯ್ಸನ್ ಅನುಪಾತದ (ಎಳೆದಾಗ ವಸ್ತು ಅಡ್ಡಕ್ಕೆ ಎಷ್ಟು ಕಿರಿದಾಗುತ್ತದೆ ಎನ್ನುವ ಅಳತೆ) ವರ್ಗ ಕಳೆದುಳಿದದ್ದರಿಂದ ಭಾಗಿಸಿ. ಗೋಡೆಯ ದಪ್ಪವನ್ನು ಒಳ-ಹೊರ ವ್ಯಾಸಗಳ ಸರಾಸರಿಯಿಂದ ಭಾಗಿಸಿ ಬಂದದ್ದರ ಘನದಿಂದ ಗುಣಿಸಿ. ಸಿಗುವುದೇ ಉದ್ದನೆಯ ಟ್ಯೂಬು ಕುಸಿಯುವ ಒತ್ತಡ; ಅದು ಮೇಲಿನ 0.3ಕ್ಕಿಂತ ಕಮ್ಮಿ ಇರಬಾರದು. ದಪ್ಪ ಅರ್ಧವಾದರೆ ತಡೆಯುವ ಶಕ್ತಿ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ.

ಉಕ್ಕಿನಲ್ಲಿ ವ್ಯಾಸ ದಪ್ಪದ 110 ಪಟ್ಟಿದ್ದರೂ ನಡೆಯುತ್ತದೆ. ಸಣ್ಣ ಲೋಹದ ಟ್ಯೂಬುಗಳ ಚಿಂತೆ ಬಿಡಿ. ಮಾಡ್ಯುಲಸ್ 500 ಮೆಗಾಪಾಸ್ಕಲ್ ಇರುವ ಟೆಫ್ಲಾನ್‌ಗೆ 16 ಪಟ್ಟು ಮಿತಿ. ತೊಂದರೆ ಕೊಡುವುದು ಸಿಲಿಕೋನ್. ಮಾಡ್ಯುಲಸ್ 3 ಮೆಗಾಪಾಸ್ಕಲ್ ಆದರೆ 6 ಮಿ.ಮೀ. ಒಳವ್ಯಾಸಕ್ಕೆ 3 ಮಿ.ಮೀ. ಗೋಡೆ ಬೇಕು. ಇಷ್ಟು ದಪ್ಪ ಗೋಡೆಗೆ ಈ ಸೂತ್ರ ಬರೀ ಅಂದಾಜು, ಪರೀಕ್ಷೆ ತಪ್ಪಿಸುವಂತಿಲ್ಲ.

ಹಲವರು ಎಡವುವುದು ಉಷ್ಣತೆಯಲ್ಲಿ. ನೀರು 60 ಡಿಗ್ರಿಯಲ್ಲಿರುವಾಗಲೇ ಅದರ ಆವಿಯ ಒತ್ತಡ 0.02 ಮೆಗಾಪಾಸ್ಕಲ್; ಕುಗ್ಗಿದಾಗ ಒಳಗಿನ ಒತ್ತಡ ಅಲ್ಲಿಯವರೆಗೂ ಇಳಿಯಬಲ್ಲದು, ಅಂದರೆ ಟ್ಯೂಬು ಇನ್ನೂ ಬಿಸಿಯಾಗಿ ಮೆತ್ತಗಿರುವಾಗಲೇ 0.08ರಷ್ಟು ಹೊರೆ ಬಿದ್ದಿರುತ್ತದೆ. ಪ್ಲಾಸ್ಟಿಕ್ಕಾದರೆ 60 ಡಿಗ್ರಿಯ ಮಾಡ್ಯುಲಸ್ ಹಾಕಿಯೂ ಲೆಕ್ಕ ನೋಡಿ.

ಪರೀಕ್ಷೆಗೆ ಟ್ಯೂಬನ್ನು ನಿಜವಾದ ಬಾಗಿನಲ್ಲೇ ಕೂರಿಸಿ, 60 ಡಿಗ್ರಿ ನೀರಿನಲ್ಲಿ ಮುಳುಗಿಸಿ, ಪಂಪಿನಿಂದ ವ್ಯಾಕ್ಯೂಮ್ ಎಳೆದು ಒಂದು ಗಂಟೆ ಬಿಡಿ. ಬಾಗಿನಲ್ಲಿ ಹೊರವ್ಯಾಸವನ್ನು ವರ್ನಿಯರ್‌ನಿಂದ ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ಅಳೆಯಿರಿ. ಎರಡು ಅಳತೆಗಳ ನಡುವಿನ ಅಂತರ ಹೆಚ್ಚುತ್ತಲೇ ಹೋದರೆ ಆ ಟ್ಯೂಬು ಬೇಡ. ದಪ್ಪ ಹೆಚ್ಚಿಸಲು ಜಾಗವಿಲ್ಲದಿದ್ದರೆ ಒಳಗೆ ಸ್ಪ್ರಿಂಗ್ ಸುರುಳಿ ತೂರಿಸಬಹುದು. ಅಥವಾ ಟ್ಯಾಂಕಿನಿಂದ ದ್ರವವನ್ನು ಒಳಕ್ಕಷ್ಟೇ ಬಿಡುವ ಚೆಕ್ ವಾಲ್ವ್ ಹಾಕಿ. ಆದರೆ ಹೀಗೆ ತಣ್ಣನೆಯ ದ್ರವ ತುಂಬಿದ ಉಕ್ಕಿನ ಟ್ಯೂಬು ಮತ್ತೆ ಬಿಸಿಯಾದರೆ ಪ್ರತಿ ಡಿಗ್ರಿಗೂ ಹಲವು ಬಾರ್ ಒತ್ತಡ ಏರುತ್ತದೆ. ಚೆಕ್ ವಾಲ್ವ್ ಜೊತೆಗೊಂದು ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದರೆ ದ್ರವವನ್ನು ಹೊರಬಿಡುವ ವಾಲ್ವ್) ಇರಲೇಬೇಕು.