ಇಲಿಗಳ ವರ್ಣತಂತುಗಳನ್ನು ಹೋಲಿಸುವುದು ಹೇಗೆ?

ಒಂದೇ ಕುಲದ ಇಲಿ ಪ್ರಭೇದಗಳಲ್ಲಿ ವರ್ಣತಂತುಗಳು ಹೇಗೆ ಬದಲಾಗುತ್ತ ಬಂದಿವೆ ಎಂದು ತಿಳಿಯಬಯಸುವವರು ಮೊದಲು ಸಂಖ್ಯೆಯ ಮೇಲಿನ ಮೋಹವನ್ನು ಬಿಡಬೇಕು. ನಮ್ಮ ದಕ್ಷಿಣ ಭಾರತದ ಮುಳ್ಳುಗೂದಲಿನ ಮಸ್ ಪ್ಲಾಟಿಥ್ರಿಕ್ಸ್ ಇಲಿಗೆ 26 ವರ್ಣತಂತುಗಳಿವೆ; ಸ್ವಿಟ್ಜರ್ಲೆಂಡಿನ ಪೊಸ್ಕಿಯಾವೊ ಕಣಿವೆಯ, ಮನೆಯಿಲಿಯದೇ ಒಂದು ಸಮುದಾಯವಾದ ‘ತಂಬಾಕು ಇಲಿ’ಗೂ ಅಷ್ಟೇ ಇವೆ. ಆದರೂ ಇವೆರಡು ಆ ಸಂಖ್ಯೆಗೆ ಬಂದ ದಾರಿಗಳು ಪೂರ್ತಿ ಬೇರೆ.

ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಯ ಅನುಮತಿ ಪಡೆದ ಬಳಿಕವೇ ಕೆಲಸ ಆರಂಭಿಸಬೇಕು. ಕಾಲ್ಚಿಸಿನ್ ಚುಚ್ಚಿ ಕೋಶವಿಭಜನೆಯನ್ನು ವರ್ಣತಂತುಗಳು ಸ್ಪಷ್ಟವಾಗಿ ಕಾಣುವ ಮೆಟಾಫೇಸ್ ಹಂತದಲ್ಲಿ ತಡೆದು, ತೊಡೆಮೂಳೆಯ ಮಜ್ಜೆಯನ್ನು 0.56% ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಕೋಶಗಳನ್ನು ಉಬ್ಬಿಸಿ, ಮೂರು ಪಾಲು ಮೆಥನಾಲ್ ಮತ್ತು ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಸ್ಥಿರೀಕರಿಸಿ, ಸ್ಲೈಡಿನ ಮೇಲೆ ಹನಿಸಿ ಗೀಮ್ಸಾ ಬಣ್ಣ ಹಾಕುವುದು ರೂಢಿಯ ಕ್ರಮ. ಉಬ್ಬಿಸುವ ಹಂತದಲ್ಲಿ ಅವಸರ ಮಾಡಿದರೆ ವರ್ಣತಂತುಗಳು ಒಂದರ ಮೇಲೊಂದು ಬಿದ್ದು, ಮುಂದಿನ ಎಣಿಕೆಯೆಲ್ಲ ಅನುಮಾನಾಸ್ಪದವಾಗುತ್ತದೆ. ಪ್ರತಿ ಪ್ರಾಣಿಯ ತಲೆಬುರುಡೆ ಮತ್ತು ಚರ್ಮವನ್ನು ಕಾದಿರಿಸುವುದೂ ಅಗತ್ಯ. ಹೊಲದ ಮಸ್ ಬೂಡುಗಾ ಮತ್ತು ಮಸ್ ಟೆರಿಕಲರ್‌ಗಳನ್ನು ಹೊರನೋಟದಿಂದಷ್ಟೇ ಬೇರ್ಪಡಿಸುವುದು ಕಷ್ಟ.

ಇನ್ನು ಎಣಿಸಬೇಕಾದದ್ದು ಬಾಹುಗಳನ್ನು, ಅಂದರೆ ಸೆಂಟ್ರೊಮಿಯರ್ ಎಂಬ ಕಿರಿದಾದ ಬಿಂದುವಿನಿಂದ ಚಾಚುವ ವರ್ಣತಂತುವಿನ ಭಾಗಗಳನ್ನು. ಸೆಂಟ್ರೊಮಿಯರ್ ತುದಿಯಲ್ಲಿರುವ ಅಕ್ರೊಸೆಂಟ್ರಿಕ್ ವರ್ಣತಂತುವಿಗೆ ಒಂದು ಬಾಹು, ನಡುವಿನಲ್ಲಿರುವ ಮೆಟಾಸೆಂಟ್ರಿಕ್‌ಗೆ ಎರಡು. ಮನೆಯ ಇಲಿಯಾದ ಮಸ್ ಮಸ್ಕ್ಯುಲಸ್‌ನ ಸಾಮಾನ್ಯ ರೂಪದಲ್ಲಿ 40 ಅಕ್ರೊಸೆಂಟ್ರಿಕ್‌ಗಳು, ಅಂದರೆ 40 ಬಾಹುಗಳಿವೆ. ತಂಬಾಕು ಇಲಿಯ 14 ಮೆಟಾಸೆಂಟ್ರಿಕ್ ಮತ್ತು 12 ಅಕ್ರೊಸೆಂಟ್ರಿಕ್‌ಗಳ ಬಾಹುಗಳನ್ನು ಕೂಡಿಸಿದರೂ 40 ಬರುತ್ತದೆ. ಆದ್ದರಿಂದ ಇಲ್ಲಿ ಅಕ್ರೊಸೆಂಟ್ರಿಕ್‌ಗಳು ಸೆಂಟ್ರೊಮಿಯರ್ ಬಳಿ ಜೋಡಿಜೋಡಿಯಾಗಿ ಬೆಸೆದುಕೊಂಡಿವೆ. ಇದು ರಾಬರ್ಟ್‌ಸೋನಿಯನ್ ಬೆಸುಗೆ. ಪ್ಲಾಟಿಥ್ರಿಕ್ಸ್‌ನಲ್ಲಿಯಾದರೋ 26 ವರ್ಣತಂತುಗಳೂ ಅಕ್ರೊಸೆಂಟ್ರಿಕ್, ಬಾಹುಗಳೂ 26 ಮಾತ್ರ. ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿದಂತಾಗುವ ಸಾಲು ಬೆಸುಗೆಯಿಂದಲೇ ಮುಖ್ಯವಾಗಿ ಬಾಹುಗಳು ಹೀಗೆ ಕಡಿಮೆಯಾಗಿ, ಉಳಿದವು ಉದ್ದವಾಗಿವೆ.

ಬಾಹುಸಂಖ್ಯೆ ಏರಿದ್ದರೆ, ಹೆಟೆರೊಕ್ರೊಮ್ಯಾಟಿನ್ ಎಂಬ ಬಿಗಿಯಾಗಿ ಸುತ್ತಿದ, ಜೀನ್‌ಗಳು ವಿರಳವಾದ ಡಿಎನ್ಎ ಭಾಗವನ್ನು ಗಾಢವಾಗಿ ತೋರಿಸುವ ಸಿ-ಪಟ್ಟೆ ಪರೀಕ್ಷೆಯಿಲ್ಲದೆ ತೀರ್ಮಾನಕ್ಕೆ ಬರಬಾರದು. ಬೂಡುಗಾದಂತೆ 40 ವರ್ಣತಂತುಗಳನ್ನೇ ಹೊಂದಿರುವ ಟೆರಿಕಲರ್‌ನ ಕೆಲವು ಸಮುದಾಯಗಳಲ್ಲಿ 1, 3 ಮತ್ತು 6ನೆಯ ಜೋಡಿಗಳಿಗೆ ಗಿಡ್ಡ ಬಾಹುಗಳು ಕಾಣುತ್ತವೆ. ಬೇರಿಯಂ ಹೈಡ್ರಾಕ್ಸೈಡ್ ಸಂಸ್ಕರಣೆಯ ಬಳಿಕ ಅವು ಗಾಢವಾಗಿ ಬಣ್ಣ ಹಿಡಿಯುವುದರಿಂದ ಅವು ಹೆಟೆರೊಕ್ರೊಮ್ಯಾಟಿನ್ ಸೇರ್ಪಡೆಯ ಫಲವೆಂದು ತಿಳಿಯುತ್ತದೆ. ಬೆಸುಗೆಗೂ ತಲೆಕೆಳಗಾದ ತುಣುಕಿಗೂ ಇಲ್ಲಿ ಸಂಬಂಧವಿಲ್ಲ. ಟೆರಿಕಲರ್‌ನ ಎಕ್ಸ್ ವರ್ಣತಂತುವೂ ದೊಡ್ಡದು, ಎರಡು ಬಾಹುಗಳುಳ್ಳದ್ದು. ಹಾಗಾಗಿ ಲಿಂಗ ವರ್ಣತಂತುಗಳನ್ನು ಬೇರೆಯಾಗಿಯೇ ಲೆಕ್ಕವಿಡುವುದು ನನ್ನ ದೃಷ್ಟಿಯಲ್ಲಿ ಕ್ಷೇಮ.

ಯಾವ ಬಾಹು ಯಾವುದರೊಡನೆ ಸೇರಿದೆ ಎಂಬುದನ್ನು ಟ್ರಿಪ್ಸಿನ್ ಬಳಸಿ ವರ್ಣತಂತುವಿನ ಉದ್ದಕ್ಕೂ ಮೂಡಿಸುವ ಗಾಢ-ತಿಳಿ ಜಿ-ಪಟ್ಟೆಗಳು ಹೇಳುತ್ತವೆ; ಆಯಾ ವರ್ಣತಂತುವಿನ ಡಿಎನ್ಎಗೆ ಹೊಳೆವ ಬಣ್ಣ ಹಚ್ಚುವ ವರ್ಣತಂತು ಚಿತ್ರಣ ವಿಧಾನ ಇನ್ನೂ ಖಚಿತ. ಕಪ್ಪು ಇಲಿ ಗುಂಪಿನಲ್ಲಿ ಏಷ್ಯಾದ ರೂಪಕ್ಕೆ 42, ಶ್ರೀಲಂಕಾದ ರೂಪಕ್ಕೆ 40, ಭಾರತದಲ್ಲೂ ಯುರೋಪಿನಲ್ಲೂ ಇರುವ ರೂಪಕ್ಕೆ 38 ವರ್ಣತಂತುಗಳು. ಪಟ್ಟೆಗಳನ್ನು ಹೊಂದಿಸಿ ನೋಡಿದರೆ 40ರಲ್ಲಿ 11 ಮತ್ತು 12ನೆಯವು ಬೆಸೆದಿವೆ. 38ರಲ್ಲಿ ಅದೇ ಬೆಸುಗೆಯ ಜೊತೆಗೆ 4 ಮತ್ತು 7 ಕೂಡಿವೆ. ಹಂಚಿಕೊಂಡ ಬೆಸುಗೆಯೇ ನೆಂಟಸ್ತಿಕೆಯ ಸುಳಿವು. ಆದರೆ ಬದಲಾವಣೆಯ ದಿಕ್ಕು ಇದರಿಂದಲೇ ಸಿದ್ಧವಾಗದು. ಗುಂಪಿನ ಹೊರಗಿನ ಪ್ರಭೇದವೊಂದರಲ್ಲಿ ಬೆಸೆಯದ ಸ್ಥಿತಿ ಕಂಡರೆ ಮಾತ್ರ ಅದನ್ನು ಹಳೆಯದೆಂದು ಗಣಿಸಬೇಕು.

ಕೊನೆಯಲ್ಲಿ ಮಿಶ್ರತಳಿಯ ವೃಷಣದಲ್ಲಿ ಮಿಯಾಸಿಸ್ ಹಂತವನ್ನು, ಅಂದರೆ ವೀರ್ಯಾಣುಗಳನ್ನು ರೂಪಿಸುವ ಕೋಶವಿಭಜನೆಯನ್ನು ಪರಿಶೀಲಿಸಬೇಕು. ಒಂದು ಮೆಟಾಸೆಂಟ್ರಿಕ್ ಎರಡು ಅಕ್ರೊಸೆಂಟ್ರಿಕ್‌ಗಳೊಡನೆ ಮೂರರ ಕೂಟವಾದರೆ ಅವು ಹೆಚ್ಚಾಗಿ ಸರಿಯಾಗಿಯೇ ಬೇರ್ಪಡುತ್ತವೆ, ಸಂತಾನಶಕ್ತಿ ಕುಂದುವುದು ಕಡಿಮೆ. ಎರಡು ಸಮುದಾಯಗಳ ಮೆಟಾಸೆಂಟ್ರಿಕ್‌ಗಳಲ್ಲಿ ಒಂದು ಬಾಹು ಮಾತ್ರ ಸಮಾನವಾಗಿದ್ದರೆ ಉದ್ದನೆಯ ಸರಪಳಿ ಅಥವಾ ಉಂಗುರ ಮೂಡಿ, ಬಂಜೆತನದವರೆಗೂ ಹೋಗಬಹುದು. ಅಟ್ಲಾಂಟಿಕ್‌ನ ಮಡೀರಾ ದ್ವೀಪದ ಮನೆಯಿಲಿಗಳಲ್ಲಿ 22ರಿಂದ 30ರವರೆಗಿನ ವರ್ಣತಂತುಗಳಿರುವ ಆರು ಸಮುದಾಯಗಳಿವೆ. ಅಲ್ಲಿ ಯಾವ ಎರಡನ್ನು ಹೋಲಿಸುವಾಗಲೂ ಮೊದಲು ಬಾಹುಗಳ ಜೋಡಿ ಪಟ್ಟಿಯನ್ನು ಬರೆದುಕೊಂಡರೆ, ಮಿಶ್ರತಳಿಯಲ್ಲಿ ಎಷ್ಟು ಉದ್ದದ ಸರಪಳಿ ಕಾಣಬೇಕೆಂದು ಮುಂಚಿತವಾಗಿಯೇ ಊಹಿಸಿ, ಸ್ಲೈಡಿನಲ್ಲಿ ಪರೀಕ್ಷಿಸಬಹುದು.