ಪಿಪಿಪಿ ಕರ್ನಲ್ ಆಯ್ಕೆಗಳು: ಯಾವುದು ಬೇಕು, ಯಾವುದು ಬೇಡ?

ಲಿನಕ್ಸ್ ಕರ್ನಲ್ ಕಂಪೈಲ್ ಮಾಡುವವರು ಪಿಪಿಪಿ (ಮೋಡೆಮ್‌ನಂಥ ಲೈನಿನ ಎರಡು ತುದಿಗಳನ್ನು ಜೋಡಿಸುವ ಪಾಯಿಂಟ್-ಟು-ಪಾಯಿಂಟ್ ಪ್ರೋಟೋಕಾಲ್) ಆಯ್ಕೆಗಳ ಹತ್ತಿರ ಬಂದಾಗ ಹೆಸರು ನೋಡಿ ಊಹೆ ಮಾಡುತ್ತಾರೆ. ಎಡವುವುದು ಅಲ್ಲೇ.

ಮೊದಲು ಕರ್ನಲ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್ ತೆರೆಯಿರಿ. ಡಿವೈಸ್ ಡ್ರೈವರ್ಸ್, ಅದರೊಳಗೆ ನೆಟ್‌ವರ್ಕ್ ಡಿವೈಸ್ ಸಪೋರ್ಟ್, ಅಲ್ಲಿ ಪಿಪಿಪಿ. ಅದರ ಮೇಲೆ ನಿಂತು ಎಂ ಒತ್ತಿ, ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರುವ ತುಣುಕು) ಆಗುತ್ತದೆ.

ಆಮೇಲೆ ಕಂಪ್ರೆಷನ್. ಡಿಫ್ಲೇಟ್ ಅಂದರೆ ಜಿಜಿಪ್ ಬಳಸುವ ವಿಧಾನವೇ. ಬಿಎಸ್‌ಡಿ ಅನ್ನುವ ಆಯ್ಕೆ ಬಳಸುವುದು ಎಲ್‌ಝಡ್‌ಡಬ್ಲ್ಯೂ ಎಂಬ ಹಳೆಯ ವಿಧಾನ. ಡಿಫ್ಲೇಟ್ ಒಂದೇ ಸಾಕು. ಎರಡೂ ತುದಿಯವರು ಒಪ್ಪಿದರೆ ಮಾತ್ರ ಇವು ಕೆಲಸ ಮಾಡುತ್ತವೆ. ಎಚ್‌ಟಿಟಿಪಿಎಸ್ ಡೇಟಾ ಮೊದಲೇ ಎನ್‌ಕ್ರಿಪ್ಟ್ ಆಗಿರುವುದರಿಂದ ಅದನ್ನು ಕುಗ್ಗಿಸಲು ಹೋದರೆ ಸುಮ್ನೆ ಸಿಪಿಯುಗೆ ಕೆಲಸ. 40 ಬೈಟಿನ ಟಿಸಿಪಿ-ಐಪಿ ಹೆಡರನ್ನು ಮೂರ್ನಾಲ್ಕು ಬೈಟಿಗೆ ಇಳಿಸುವ ವ್ಯಾನ್ ಜೇಕಬ್ಸನ್ ಕಂಪ್ರೆಷನ್ ಬೇರೆ. ಅದನ್ನು ಹುಡುಕಬೇಡಿ, ಪಿಪಿಪಿ ಆರಿಸಿದರೆ ತಾನೇ ಬರುತ್ತದೆ.

ಎಂಪಿಪಿಇ ಕೂಡ ಇದೇ ಸಾಲಿನಲ್ಲಿದೆ, ಆದರೆ ಅದು ಕಂಪ್ರೆಷನ್ ಅಲ್ಲ, ಎನ್‌ಕ್ರಿಪ್ಷನ್. ಪಿಪಿಟಿಪಿ ಎಂಬ ಹಳೆಯ ಬಗೆಯ ವಿಪಿಎನ್‌ಗೆ ಬೇಕಾಗುತ್ತದೆ. ಹೊಸದಾಗಿ ವಿಪಿಎನ್ ಹಾಕುವವರು ಪಿಪಿಟಿಪಿ ತಂಟೆಗೇ ಹೋಗಬೇಡಿ. ಅದರ ಭದ್ರತೆ ಮುರಿದು ಎಷ್ಟೋ ವರ್ಷವಾಯಿತು.

ಈಗ ಪಿಪಿಪಿ ಫಿಲ್ಟರಿಂಗ್. ಹೆಚ್ಚಿನವರು ಇದನ್ನು ಫೈರ್‌ವಾಲ್ ಅಂದುಕೊಂಡು, 'ನನ್ನ ಹತ್ತಿರ ಐಪಿಟೇಬಲ್ಸ್ ಇದೆಯಲ್ಲ' ಎಂದು ಬಿಟ್ಟುಬಿಡುತ್ತಾರೆ. ಇದರ ಮುಖ್ಯ ಕೆಲಸವೇ ಬೇರೆ. ಯಾವ ಪ್ಯಾಕೆಟನ್ನು ನಿಜವಾದ ಬಳಕೆ ಎಂದು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದನ್ನು ಇದು ತೀರ್ಮಾನಿಸುತ್ತದೆ.

ಪಿಪಿಪಿ ಲಿಂಕ್ ನಡೆಸುವ ಪ್ರೋಗ್ರಾಂ ಪಿಪಿಪಿಡಿ. ಅದಕ್ಕೆ ಐಡಲ್ 600 (ಸೆಕೆಂಡು) ಕೊಟ್ಟಿದ್ದೀರಿ ಎಂದುಕೊಳ್ಳಿ. ಹತ್ತು ನಿಮಿಷ ಯಾರೂ ಬಳಸದಿದ್ದರೆ ಲೈನ್ ಕಟ್ ಆಗಬೇಕು. ಆಗುವುದಿಲ್ಲ. ಗಡಿಯಾರ ಸರಿಪಡಿಸುವ ಎನ್‌ಟಿಪಿ 64 ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತಿದ್ದರೆ, ಪ್ರತಿ ಸಲವೂ ಎಣಿಕೆ ಸೊನ್ನೆಗೆ ಬರುತ್ತದೆ. ಹೊರಗಿನಿಂದ ಯಾರೋ ಪೋರ್ಟ್ ತಟ್ಟಿದರೂ ಅಷ್ಟೇ. ಹಾಗಾಗಿ ಫಿಲ್ಟರಿಂಗ್‌ಗೆ ವೈ ಒತ್ತಿ. ಪಿಪಿಪಿಡಿಯ ಆ್ಯಕ್ಟಿವ್-ಫಿಲ್ಟರ್‌ನಲ್ಲಿ ನಿಯಮ ಬರೆಯಿರಿ: ಹೊರಗೆ ಹೋಗುವ, ಯುಡಿಪಿ 123ನೇ ಪೋರ್ಟಿನದಲ್ಲದ ಪ್ಯಾಕೆಟ್ ಮಾತ್ರ ಲೆಕ್ಕಕ್ಕೆ. ಬರೆಯುವ ರೀತಿ ಪ್ಯಾಕೆಟ್ ನೋಡುವ ಸಾಧನ ಟಿಸಿಪಿಡಂಪ್‌ನದೇ.

ಪಕ್ಕದಲ್ಲೇ ಪಾಸ್-ಫಿಲ್ಟರ್ ಅಂತ ಇನ್ನೊಂದಿದೆ. ಇದೇ ನಿಯಮವನ್ನು ಅಲ್ಲಿ ಬರೆದು ದಿನವಿಡೀ ಒದ್ದಾಡಿದವರನ್ನು ನೋಡಿದ್ದೇನೆ. ಆ್ಯಕ್ಟಿವ್-ಫಿಲ್ಟರ್ ಎಣಿಸುತ್ತದೆ ಅಷ್ಟೇ. ಪಾಸ್-ಫಿಲ್ಟರ್ ಹೊಂದದ ಪ್ಯಾಕೆಟನ್ನು ಸದ್ದಿಲ್ಲದೆ ಎಸೆಯುತ್ತದೆ. ಲಿಂಕ್ ಎದ್ದಿರುತ್ತದೆ, ಐಪಿ ಅಡ್ರೆಸ್ ಸಿಕ್ಕಿರುತ್ತದೆ, ಪಿಂಗ್ ಹೊರಗೂ ಹೋಗುತ್ತದೆ, ಉತ್ತರ ಮಾತ್ರ ಒಳಗೆ ಬರುವುದಿಲ್ಲ. ಆಗ ಮೋಡೆಮ್ ಬಯ್ಯುವ ಮೊದಲು ಈ ಸಾಲು ನೋಡಿ.

ಸೇವ್ ಮಾಡಿ, ಕಂಪೈಲ್ ಮಾಡಿ, ರೀಬೂಟ್ ಮಾಡಿ. ಇಷ್ಟಾದ ಮೇಲೂ ಆ್ಯಕ್ಟಿವ್-ಫಿಲ್ಟರ್ ಅನ್ನುವ ಆಯ್ಕೆಯೇ ಗೊತ್ತಿಲ್ಲ ಎಂದು ಪಿಪಿಪಿಡಿ ಹೇಳಿದರೆ, ಕರ್ನಲ್ ಮತ್ತೆ ಕಟ್ಟಲು ಹೋಗಬೇಡಿ. ಫಿಲ್ಟರ್ ನಿಯಮ ಓದುವ ಲೈಬ್ರರಿ ಲಿಬ್‌ಪಿಕ್ಯಾಪ್ ಇಲ್ಲದೆ ಕಂಪೈಲ್ ಆಗಿರುವುದು ಪಿಪಿಪಿಡಿ. ಬದಲಿಸಬೇಕಾದ್ದು ಅದನ್ನೇ.