ಬ್ರಿಟನ್ನಿನ ಪೊಲೀಸ್ ಇತಿಹಾಸ ಓದುವುದು ಹೇಗೆ? ಮೂರು ಪ್ರಶ್ನೆ ಇಟ್ಟುಕೊಂಡು ಹೊರಡಿ

ಬ್ರಿಟನ್ನಿನ ಪೊಲೀಸ್ ಇತಿಹಾಸ ಓದಲು ಕೂತವರಲ್ಲಿ ಹೆಚ್ಚಿನವರು 1829ರಿಂದ ಶುರು ಮಾಡುತ್ತಾರೆ. ಗೃಹ ಸಚಿವ ರಾಬರ್ಟ್ ಪೀಲ್ ಲಂಡನ್ನಿಗೆ ಸಂಬಳದ ಪೊಲೀಸ್ ಪಡೆ ಕಟ್ಟಿದ ವರ್ಷ ಅದು, ನೀಲಿ ಕೋಟಿನ ಪಡೆ. ಆಮೇಲೆ ಅದರ ಹಿಂದೆ ಮುಂದೆ ಇಸವಿಗಳನ್ನು ಪೋಣಿಸುತ್ತಾ ಹೋಗುತ್ತಾರೆ. ನಾನೂ ಹಾಗೇ ಓದಿದ್ದೆ. ಇಸವಿ ನೆನಪಿತ್ತು, ಆದರೆ ಒಂದರ ಮೇಲೆ ಇನ್ನೊಂದು ಯಾಕೆ ಬಂತು ಅಂತ ಯಾರಾದರೂ ಕೇಳಿದರೆ ಉತ್ತರ ಇರಲಿಲ್ಲ.

ನೀವು ಬೇರೆ ದಾರಿ ಹಿಡಿಯಿರಿ. ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಹಾಕಿ. ಕಳ್ಳನ ಹಿಂದೆ ಓಡುವವರು ಯಾರು? ಅದಕ್ಕೆ ದುಡ್ಡು ಕೊಡುವವರು ಯಾರು? ಓಡಿದವನೇ ತಪ್ಪು ಮಾಡಿದರೆ ಅವನನ್ನು ಕೇಳುವವರು ಯಾರು? ಯಾವ ಕಾಲದ ಬಗ್ಗೆ ಓದಿದರೂ ಮೊದಲು ಈ ಮೂರನ್ನು ತುಂಬಿಸಿ. ಉತ್ತರ ಬದಲಾದ ಕಡೆ ಒಂದು ಗೆರೆ ಎಳೆಯಿರಿ. ರಾಜರ ಹೆಸರು ಹಿಡಿದು ಅಧ್ಯಾಯ ಮಾಡಿಕೊಳ್ಳಬೇಡಿ, ಈ ಗೆರೆಗಳನ್ನು ಹಿಡಿದು ಮಾಡಿಕೊಳ್ಳಿ.

ಊರೇ ಪೊಲೀಸ್ ಆಗಿದ್ದ ಕಾಲ

ಮಧ್ಯಯುಗದ ಇಂಗ್ಲೆಂಡಿನಿಂದ ಹೊರಡಿ. ಅಲ್ಲಿ ಮೊದಲ ಕಾಲಂನಲ್ಲಿ 'ಎಲ್ಲರೂ' ಅಂತ ಬರೆಯಿರಿ. 12 ವರ್ಷ ದಾಟಿದ ಗಂಡಸರನ್ನು ಹತ್ತತ್ತು ಜನರ ಗುಂಪು ಮಾಡುತ್ತಿದ್ದರು, ಅದಕ್ಕೆ ಟೈಥಿಂಗ್ ಅಂತ ಹೆಸರು. ಗುಂಪಿನಲ್ಲಿ ಒಬ್ಬ ಕದ್ದರೆ ಉಳಿದವರು ಅವನನ್ನು ತಂದು ಒಪ್ಪಿಸಬೇಕು, ಇಲ್ಲವಾದರೆ ದಂಡ ಕಟ್ಟಬೇಕು. ಕಳ್ಳತನ ಕಂಡವರು ಕೂಗು ಹಾಕಬೇಕು, ಕೂಗು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರಬೇಕು. ಇದೇ 'ಹ್ಯೂ ಅಂಡ್ ಕ್ರೈ'. ಬರದೇ ಕೂತವನಿಗೂ ಶಿಕ್ಷೆ ಇತ್ತು.

1285ರ ವಿಂಚೆಸ್ಟರ್ ಶಾಸನ ಬಂದಾಗ ಸ್ವಲ್ಪ ನಿಧಾನಿಸಿ. ಒಂದನೇ ಎಡ್ವರ್ಡ್ ಕಾಲದ ಈ ಕಾನೂನು ಇದೆಲ್ಲವನ್ನೂ ಬರೆದಿಟ್ಟಿತು. ಸಂಜೆಯಿಂದ ಬೆಳಗಿನವರೆಗೆ ಪಟ್ಟಣದ ಬಾಗಿಲು ಮುಚ್ಚಿರಬೇಕು, ರಾತ್ರಿ ಪಹರೆ ಇರಬೇಕು. ಸಂತೆಯ ಊರುಗಳ ನಡುವಿನ ಹೆದ್ದಾರಿಯ ಎರಡೂ ಕಡೆ 200 ಅಡಿ ಪೊದೆ ಕಡಿದಿರಬೇಕು, ದರೋಡೆಕೋರ ಅಡಗಿ ಕೂರಬಾರದು ಅಂತ. ಕಳ್ಳ ಸಿಗದಿದ್ದರೆ? ಆ ಪ್ರದೇಶದ ಜನರೇ ಕಳೆದುಕೊಂಡವನಿಗೆ ನಷ್ಟ ತುಂಬಿಕೊಡಬೇಕು. ಅಂದರೆ ಎರಡನೇ ಕಾಲಂನಲ್ಲೂ 'ಎಲ್ಲರೂ'. ಎಷ್ಟು ಗಟ್ಟಿಯಾದ ಲೆಕ್ಕ ನೋಡಿ! ಎಲ್ಲರಿಗೂ ಎಲ್ಲರ ಮುಖ ಗೊತ್ತಿರುವ ಹಳ್ಳಿಯಲ್ಲಿ ಇದು ನಡೆಯುತ್ತದೆ.

ಪ್ಯಾರಿಷ್ ಕಾನ್‌ಸ್ಟೇಬಲ್‌ಗಳ ಭಾಗವನ್ನು ಬೇಗ ದಾಟಬಹುದು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರು. ಊರಿನ ರೈತನೋ ಅಂಗಡಿಯವನೋ ಒಂದು ವರ್ಷ ಸಂಬಳವಿಲ್ಲದೆ ಮಾಡುವ ಕೆಲಸ ಅದು. ಮೇಲೆ ಜಸ್ಟಿಸ್ ಆಫ್ ದಿ ಪೀಸ್ ಅನ್ನುವ ಮ್ಯಾಜಿಸ್ಟ್ರೇಟ್, 1361ರ ಕಾನೂನಿನಿಂದ ಬಂದವರು. ಗುರುತು ಹಾಕಿಕೊಳ್ಳಬೇಕಾದ್ದು ಒಂದೇ. ಅನುಕೂಲ ಇದ್ದವರು ತಮ್ಮ ಪಾಳಿ ಬಂದಾಗ ದುಡ್ಡು ಕೊಟ್ಟು ಬೇರೆಯವನನ್ನು ಕಳಿಸಲು ಶುರು ಮಾಡಿದರು. 'ಎಲ್ಲರೂ' ಅನ್ನುವ ಉತ್ತರ ಅಲುಗಾಡಿದ್ದು ಅಲ್ಲಿ.

ಕಳ್ಳನ ತಲೆಗೆ ಬೆಲೆ ಕಟ್ಟಿದ ಕಾಲ

ಇಲ್ಲಿ ನಿಮ್ಮ ಮೊದಲ ದಪ್ಪ ಗೆರೆ. ಲಂಡನ್ ಬೆಳೆಯಿತು, ಪಕ್ಕದ ಮನೆಯವನೇ ಅಪರಿಚಿತ. ಕೂಗು ಹಾಕಿದರೆ ಯಾರು ಬರುತ್ತಾರೆ? ಸರ್ಕಾರ ದುಡ್ಡಿನ ಆಸೆ ತೋರಿಸಿತು. 1692ರ ಕಾನೂನಿನಲ್ಲಿ, ಹೆದ್ದಾರಿ ದರೋಡೆಕೋರನನ್ನು ಹಿಡಿದು ಶಿಕ್ಷೆ ಕೊಡಿಸಿದವರಿಗೆ 40 ಪೌಂಡ್ ಬಹುಮಾನ. ಹೀಗೆ 'ಥೀಫ್ ಟೇಕರ್' ಅನ್ನುವ ವೃತ್ತಿಯೇ ಹುಟ್ಟಿಕೊಂಡಿತು.

ಜೊನಾಥನ್ ವೈಲ್ಡ್ ಕಥೆಯನ್ನು ಮಾತ್ರ ಬಿಡಬೇಡಿ. ಲಂಡನ್ನಿನಲ್ಲಿ ಕಳ್ಳರನ್ನು ಹಿಡಿಸುವವನು ಅವನೇ, ಕದ್ದ ಮಾಲನ್ನು ದುಡ್ಡು ಪಡೆದು ಮಾಲೀಕರಿಗೆ ವಾಪಸ್ ಕೊಡಿಸುವವನೂ ಅವನೇ, ಹಿಂದೆ ನಿಂತು ಕಳ್ಳರ ಗುಂಪು ನಡೆಸುತ್ತಿದ್ದವನೂ ಅವನೇ. ತನ್ನ ಮಾತು ಮೀರಿದ ಕಳ್ಳನನ್ನು ಗಲ್ಲಿಗೆ ಕಳಿಸಿ ಬಹುಮಾನವನ್ನೂ ಎಣಿಸಿಕೊಳ್ಳುತ್ತಿದ್ದ. 1725ರ ಮೇ ತಿಂಗಳಲ್ಲಿ ಟೈಬರ್ನ್‌ನಲ್ಲಿ ಅವನಿಗೇ ಗಲ್ಲಾಯಿತು. ಮೂರನೇ ಕಾಲಂನ ಬೆಲೆ ನನಗೆ ಅರ್ಥವಾದದ್ದು ಈ ಮನುಷ್ಯನಿಂದ. ಓಡುವವನಿಗೆ ದುಡ್ಡು ಇದೆ, ಆದರೆ ಅವನನ್ನು ಕೇಳುವವರೇ ಇಲ್ಲ.

ಇದರ ಜೊತೆಗೆ ಇನ್ನೆರಡು ಸಂಗತಿ ಬರೆದುಕೊಳ್ಳಿ. ಕಳ್ಳ ಸಿಕ್ಕ ಮೇಲೂ ಕೇಸು ನಡೆಸುವುದು ಕಳೆದುಕೊಂಡವನ ತಲೆಗೇ ಬರುತ್ತಿತ್ತು, ಸರ್ಕಾರಿ ವಕೀಲ ಅಂತ ಯಾರೂ ಇರಲಿಲ್ಲ. ಮತ್ತೆ, ಹಿಡಿಯುವ ಶಕ್ತಿ ಕಡಿಮೆ ಇದ್ದದ್ದಕ್ಕೆ ಶಿಕ್ಷೆಯನ್ನು ಹೆಚ್ಚಿಸುತ್ತಾ ಹೋದರು. 1800ರ ಆಸುಪಾಸಿಗೆ ಗಲ್ಲು ಶಿಕ್ಷೆಯ ಅಪರಾಧಗಳು 200 ದಾಟಿದ್ದವು. ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯಲಾಗದಿದ್ದರೆ ಸಿಕ್ಕಿದ ಒಬ್ಬನನ್ನು ನೇತು ಹಾಕಿ ಉಳಿದವರನ್ನು ಹೆದರಿಸುವ ಯೋಚನೆ. ಪೊಲೀಸ್ ಇತಿಹಾಸವನ್ನು ಶಿಕ್ಷೆಯ ಇತಿಹಾಸದಿಂದ ಬೇರೆ ಮಾಡಿ ಓದಬೇಡಿ ಅಂತ ಹೇಳುವುದು ಅದಕ್ಕೇ.

ಸಂಬಳ ಬಂತು, ಭಯವೂ ಬಂತು

1749ರಲ್ಲಿ ಲಂಡನ್ನಿನ ಬೋ ಸ್ಟ್ರೀಟ್‌ನ ಮ್ಯಾಜಿಸ್ಟ್ರೇಟ್ ಹೆನ್ರಿ ಫೀಲ್ಡಿಂಗ್ ನಂಬಿಕಸ್ಥರ ಒಂದು ಸಣ್ಣ ತಂಡ ಕಟ್ಟಿದರು. ಮುಂದೆ ಇವರೇ ಬೋ ಸ್ಟ್ರೀಟ್ ರನ್ನರ್ಸ್ ಅಂತ ಹೆಸರಾದರು. ಹೆನ್ರಿ ನಂತರ ಅದನ್ನು ಬೆಳೆಸಿದ ಮಲತಮ್ಮ ಜಾನ್ ಫೀಲ್ಡಿಂಗ್‌ಗೆ ಕಣ್ಣು ಕಾಣುತ್ತಿರಲಿಲ್ಲ. ದನಿ ಕೇಳಿಯೇ ಹಳೆಯ ಕಳ್ಳರನ್ನು ಗುರುತಿಸುತ್ತಿದ್ದರಂತೆ. ಅವರು ಮಾಡಿದ ದೊಡ್ಡ ಕೆಲಸ ಮಾಹಿತಿ ಹಂಚಿದ್ದು: ಯಾರು ಓಡಿಹೋಗಿದ್ದಾರೆ, ಏನು ಕಳುವಾಗಿದೆ ಅಂತ ಅಚ್ಚು ಹಾಕಿಸಿ ದೇಶದ ಉದ್ದಗಲಕ್ಕೂ ಕಳಿಸಿದರು.

1798ರಲ್ಲಿ ಥೇಮ್ಸ್ ನದಿಯ ಪೊಲೀಸ್. ಹಡಗಿನ ಸಕ್ಕರೆ, ರಮ್ ಕಳುವಾಗುತ್ತಿತ್ತು, ಹಾಗಾಗಿ ವೆಸ್ಟ್ ಇಂಡೀಸ್ ವ್ಯಾಪಾರಿಗಳು ದುಡ್ಡು ಹಾಕಿದರು. ಪ್ಯಾಟ್ರಿಕ್ ಕೊಲ್ಕುಹೌನ್, ಜಾನ್ ಹ್ಯಾರಿಯಟ್ ಇಬ್ಬರೂ ಸೇರಿ ವಾಪಿಂಗ್‌ನಲ್ಲಿ ಕಚೇರಿ ತೆರೆದರು. 1800ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಎರಡನೇ ಕಾಲಂ ಎರಡೇ ವರ್ಷದಲ್ಲಿ ಬದಲಾಯಿತು ನೋಡಿ.

ಇಷ್ಟಾದರೂ ಲಂಡನ್ನಿಗೆ ಒಂದೇ ಪೊಲೀಸ್ ಪಡೆ ಬೇಕು ಅಂದಾಗಲೆಲ್ಲ ವಿರೋಧ ಬರುತ್ತಿತ್ತು. 1785ರಲ್ಲಿ ಬಂದ ಮಸೂದೆ ಬಿದ್ದುಹೋಯಿತು. ಪೊಲೀಸ್ ಅಂದರೆ ಫ್ರಾನ್ಸಿನ ಗೂಢಚಾರರ ಪಡೆ, ಅದು ಬಂದರೆ ನಮ್ಮ ಸ್ವಾತಂತ್ರ್ಯ ಹೋಯಿತು ಅಂತ ಇಂಗ್ಲಿಷರು ಭಯಪಡುತ್ತಿದ್ದರು. ಆ ಭಯವನ್ನು ಹಳೆಯ ಕಾಲದವರ ಅಜ್ಞಾನ ಅಂತ ತಳ್ಳಿಹಾಕಬೇಡಿ. 1819ರಲ್ಲಿ ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ್ದರು. ಜನ ಸತ್ತರು. ಆಳುವವರ ಕೈಗೆ ಇನ್ನೊಂದು ಪಡೆ ಕೊಡಲು ಯಾರಿಗೆ ಮನಸ್ಸು ಬರುತ್ತದೆ, ಅಲ್ವಾ?

ಈಗ 1829ಕ್ಕೆ ಬನ್ನಿ

ಇಷ್ಟು ಓದಿಕೊಂಡು ಬಂದರೆ ಪೀಲ್ ಮಾಡಿದ ಒಂದೊಂದು ಆಯ್ಕೆಯೂ ಆ ಭಯಕ್ಕೆ ಕೊಟ್ಟ ಉತ್ತರ ಅಂತ ಕಾಣುತ್ತದೆ. ಸೈನಿಕರ ಕೆಂಪು ಬಿಟ್ಟು ನೀಲಿ ಕೋಟು. ತಲೆಗೆ ಸಾಮಾನ್ಯ ಜನ ಹಾಕುವಂಥ ಎತ್ತರದ ಟೋಪಿ. ಕೈಯಲ್ಲಿ ಮರದ ಲಾಠಿ, ಜೊತೆಯವರನ್ನು ಕರೆಯಲು ಮರದ ಗಿಲಕಿ. ಮೊದಲ ಕೆಲಸ ಅಪರಾಧ ಆಗದಂತೆ ತಡೆಯುವುದು ಅಂತ ಆದೇಶದಲ್ಲೇ ಬರೆದಿತ್ತು. ಚಾರ್ಲ್ಸ್ ರೋವನ್ ಸೇನೆಯಿಂದ ಬಂದವರು, ರಿಚರ್ಡ್ ಮೇಯ್ನ್ ವಕೀಲರು, ಇಬ್ಬರೂ ಕಮಿಷನರ್‌ಗಳು. ಕಚೇರಿ ಇದ್ದದ್ದು 4, ವೈಟ್‌ಹಾಲ್ ಪ್ಲೇಸ್. ಹಿಂಬದಿ ಗ್ರೇಟ್ ಸ್ಕಾಟ್ಲೆಂಡ್ ಯಾರ್ಡ್ ಕಡೆಗಿದ್ದದ್ದರಿಂದ ಆ ಹೆಸರೇ ಅಂಟಿಕೊಂಡಿತು. 1829ರ ಸೆಪ್ಟೆಂಬರ್ 29ರ ಸಂಜೆ ಮೊದಲ ಗಸ್ತು ಹೊರಟಿತು. ವಾರಂಟ್ ನಂಬರ್ 1, ಅಂದರೆ ಪಡೆಯ ಮೊದಲ ನೇಮಕದ ನಂಬರ್ ಪಡೆದ ಕಾನ್‌ಸ್ಟೇಬಲ್‌ನನ್ನು ಕುಡಿದಿದ್ದಕ್ಕೆ ಕೆಲವೇ ಗಂಟೆಗಳಲ್ಲಿ ಕೆಲಸದಿಂದ ತೆಗೆದರು.

ಕಾಲಂ ತುಂಬಿಸಿ. ಓಡುವವರು: ಸಂಬಳದ ಕಾನ್‌ಸ್ಟೇಬಲ್. ದುಡ್ಡು: ಪ್ಯಾರಿಷ್ ಜನರ ತೆರಿಗೆ. ಕೇಳುವವರು: ಗೃಹ ಸಚಿವರು. ದುಡ್ಡು ಕೊಡುವವರು ಒಬ್ಬರು, ಹಿಡಿತ ಇನ್ನೊಬ್ಬರದು! ಲಂಡನ್ನಿನವರು ಸಿಟ್ಟಾದದ್ದು ಸುಮ್ನೆ ಅಲ್ಲ. 1833ರಲ್ಲಿ ಕೋಲ್ಡ್‌ಬಾತ್ ಫೀಲ್ಡ್ಸ್ ಸಭೆಯ ಗಲಾಟೆಯಲ್ಲಿ ರಾಬರ್ಟ್ ಕಲ್ಲಿ ಅನ್ನುವ ಕಾನ್‌ಸ್ಟೇಬಲ್ ಇರಿತದಿಂದ ಸತ್ತಾಗ, ವಿಚಾರಣೆಗೆ ಕೂತ ಜ್ಯೂರಿ ಅದನ್ನು 'ನ್ಯಾಯವಾದ ಕೊಲೆ' ಅಂದುಬಿಟ್ಟಿತು. ಜನ ಆ ಜ್ಯೂರಿಯವರನ್ನು ಮೆರೆಸಿದರು. ಪೊಲೀಸರು ಬಂದ ಕೂಡಲೇ ಲಂಡನ್ ಅವರನ್ನು ಅಪ್ಪಿಕೊಂಡಿತು ಅಂತ ಎಲ್ಲಾದರೂ ಓದಿದರೆ ಈ ಘಟನೆ ನೆನಪಿಸಿಕೊಳ್ಳಿ.

ಹಾಗೆಯೇ 'ಪೀಲ್ ಬರೆದ ಒಂಬತ್ತು ತತ್ವಗಳು' ಅಂತ ಪಟ್ಟಿ ಕಂಡರೆ ಹುಷಾರು. ಆ ರೂಪದಲ್ಲಿ ಅದು 1829ರ ಕಾಗದಗಳಲ್ಲಿ ಇಲ್ಲ, 20ನೇ ಶತಮಾನದಲ್ಲಿ ಜೋಡಿಸಿದ್ದು. ವಿಚಾರ ಒಳ್ಳೆಯದೇ, ಆದರೆ ಪೀಲ್ ಮಾತು ಅಂತ ಬರೆಯಬೇಡಿ.

ಲಂಡನ್ ಒಂದೇ ಬ್ರಿಟನ್ ಅಲ್ಲ

ನಕ್ಷೆ ಬಿಚ್ಚಿ. ಸ್ಕಾಟ್ಲೆಂಡಿನ ಗ್ಲಾಸ್ಗೋ 1800ರಲ್ಲೇ ಕಾಯ್ದೆ ಮಾಡಿಸಿಕೊಂಡು ತನ್ನ ಪೊಲೀಸ್ ಕಟ್ಟಿತ್ತು, ಲಂಡನ್ನಿಗಿಂತ 29 ವರ್ಷ ಮೊದಲು. ಐರ್ಲೆಂಡಿನಲ್ಲಿ ಬ್ರಿಟಿಷರು ಕಟ್ಟಿದ್ದು ಬೇರೆಯದೇ ಪಡೆ: ಕೈಯಲ್ಲಿ ಬಂದೂಕು, ಬ್ಯಾರಕ್ಕಿನಲ್ಲಿ ವಾಸ. ಇಂಗ್ಲೆಂಡಿನ ಪಟ್ಟಣಗಳಿಗೆ 1835ರ ಕಾನೂನು, ಅಲ್ಲಿ ಪೊಲೀಸರನ್ನು ಕೇಳುವುದು ವಾಚ್ ಕಮಿಟಿ, ಅಂದರೆ ಊರಿನ ಕೌನ್ಸಿಲ್ಲಿನ ಸಮಿತಿ. ನಮ್ಮ ಜಿಲ್ಲೆಗಳಂಥ ಕೌಂಟಿಗಳಿಗೆ 1839ರಲ್ಲಿ 'ಬೇಕಾದರೆ ಮಾಡಿಕೊಳ್ಳಿ', 1856ರಲ್ಲಿ 'ಮಾಡಲೇಬೇಕು'. 1856ರ ಜೊತೆಗೆ ಇನ್‌ಸ್ಪೆಕ್ಟರ್‌ಗಳು ಬಂದರು. ಪಡೆ ಚೆನ್ನಾಗಿದೆ ಅಂತ ಅವರು ಬರೆದುಕೊಟ್ಟರೆ ಸಂಬಳ ಮತ್ತು ಬಟ್ಟೆಯ ಖರ್ಚಿನಲ್ಲಿ ಕಾಲು ಭಾಗ ಸರ್ಕಾರದಿಂದ. ದುಡ್ಡಿನ ಜೊತೆಗೆ ಕೇಂದ್ರದ ಕಣ್ಣೂ ಬಂತು.

ಪತ್ತೇದಾರರ ಭಾಗ ಎಲ್ಲರಿಗೂ ಇಷ್ಟ, ನನಗೂ. 1842ರಲ್ಲಿ ಲಂಡನ್ ಪೊಲೀಸರಲ್ಲಿ ಎಂಟು ಜನರಿಂದ ಶುರು. 1877ರಲ್ಲಿ ಹಿರಿಯ ಪತ್ತೇದಾರರೇ ಮೋಸಗಾರರಿಂದ ಲಂಚ ತಿಂದದ್ದು ಕೋರ್ಟಿನಲ್ಲಿ ಬಯಲಾಯಿತು, ಮರುವರ್ಷ ಸಿಐಡಿ ಹುಟ್ಟಿತು. 1901ರಲ್ಲಿ ಬೆರಳಚ್ಚು ವಿಭಾಗ. ಅದನ್ನು ತಂದ ಎಡ್ವರ್ಡ್ ಹೆನ್ರಿ ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದವರು. ಬೆರಳಚ್ಚುಗಳನ್ನು ವರ್ಗ ಮಾಡುವ ಲೆಕ್ಕ ಕಟ್ಟಿದ್ದರಲ್ಲಿ ಕಲ್ಕತ್ತೆಯ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆ ಇದೆ. ಹೆಸರು ಮಾತ್ರ ಹೆನ್ರಿಯದು ಉಳಿಯಿತು. ನಿಮ್ಮ ಟಿಪ್ಪಣಿಯಲ್ಲಿ ಮೂರು ಹೆಸರೂ ಇರಲಿ, ದಯವಿಟ್ಟು.

20ನೇ ಶತಮಾನದಲ್ಲಿ ಮೂರನೇ ಕಾಲಂ ನೋಡಿ

ಓಡುವವರು ಯಾರು ಅನ್ನುವುದು ಇಲ್ಲಿಗೆ ಬಹುಪಾಲು ತೀರ್ಮಾನವಾಗಿದೆ. ಹೆಂಗಸರು ಸೇರಿದ್ದು ದೊಡ್ಡ ಬದಲಾವಣೆ: 1915ರಲ್ಲಿ ಗ್ರಾಂಥಮ್‌ನ ಈಡಿತ್ ಸ್ಮಿತ್‌ಗೆ ಬಂಧಿಸುವ ಅಧಿಕಾರ ಸಿಕ್ಕಿತು. 1918 ಮತ್ತು 1919ರಲ್ಲಿ ಪೊಲೀಸರೇ ಸಂಬಳಕ್ಕಾಗಿ, ಸಂಘಕ್ಕಾಗಿ ಮುಷ್ಕರ ಹೂಡಿದರು. ಸಂಬಳ ಏರಿತು, ಪೊಲೀಸರ ಪರ ಮಾತಾಡುವ ಪೊಲೀಸ್ ಫೆಡರೇಷನ್ ಬಂತು, ಮುಷ್ಕರದ ಹಕ್ಕು ಹೋಯಿತು. 1937ರಲ್ಲಿ ಲಂಡನ್ನಿಗೆ 999 ಅನ್ನುವ ತುರ್ತು ಫೋನ್ ನಂಬರ್ ಬಂತು. ನನ್ನ ಪ್ರಕಾರ ಹಳೆಯ 'ಕೂಗು' ಫೋನಿಗೆ ಬಂದದ್ದು ಹೀಗೆ.

ಆಮೇಲೆ ಎಲ್ಲ ಜಗಳವೂ ಕೇಳುವವರು ಯಾರು ಅನ್ನುವುದರ ಸುತ್ತಲೇ. 1981ರಲ್ಲಿ ಬ್ರಿಕ್ಸ್‌ಟನ್ ಗಲಭೆ (ಬ್ರಿಕ್ಸ್ಟನ್ ಲಂಡನ್ನಿನ ಒಂದು ಬಡಾವಣೆ), ಅದರ ಬಗ್ಗೆ ನ್ಯಾಯಾಧೀಶ ಲಾರ್ಡ್ ಸ್ಕಾರ್ಮನ್ ವರದಿ. 1984ರ ಪೇಸ್ (ಪೊಲೀಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್) ಕಾಯ್ದೆ ತಪಾಸಣೆ, ಬಂಧನ, ವಿಚಾರಣೆಗೆಲ್ಲ ಲಿಖಿತ ನಿಯಮ ತಂದಿತು. 1986ರಲ್ಲಿ ಸರ್ಕಾರಿ ವಕೀಲರ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್ ಬಂದು, ಹಿಡಿಯುವ ಕೈ ಮತ್ತು ಕೇಸು ನಡೆಸುವ ಕೈ ಬೇರೆಯಾದವು. 1993ರಲ್ಲಿ ಸ್ಟೀಫನ್ ಲಾರೆನ್ಸ್ ಅನ್ನುವ ಕಪ್ಪು ಹುಡುಗನ ಕೊಲೆಯಾಯಿತು, ತನಿಖೆ ಹಾಳಾಯಿತು. 1999ರ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸ್ ವ್ಯವಸ್ಥೆಯೊಳಗೇ ಜನಾಂಗ ಭೇದ ಇದೆ ಅಂತ ನೇರವಾಗಿ ಬರೆಯಿತು. ಈ ಭಾಗ ಓಡಿಸಿಕೊಂಡು ಹೋಗಬೇಡಿ, ವರದಿಯ ಕೆಲವು ಪುಟಗಳನ್ನಾದರೂ ಓದಿ. 2012ರಿಂದ ಇಂಗ್ಲೆಂಡ್, ವೇಲ್ಸ್‌ನ ಹೆಚ್ಚಿನ ಕಡೆ, ಪೊಲೀಸರನ್ನು ಕೇಳಲೆಂದೇ ಇರುವ 'ಪೊಲೀಸ್ ಅಂಡ್ ಕ್ರೈಮ್' ಕಮಿಷನರ್‌ಗಳನ್ನು ಜನರೇ ಆರಿಸುತ್ತಾ ಬಂದರು. ಅಲ್ಲಿ 43 ಪಡೆಗಳಾದರೆ ಸ್ಕಾಟ್ಲೆಂಡಿನಲ್ಲಿ 2013ರಿಂದ ಒಂದೇ.

ಕಾಲಂ ತುಂಬಿದ ಮೇಲೆ ಒಂದು ಸಂಜೆ ಬಿಡುವು ಮಾಡಿಕೊಂಡು ಲಂಡನ್ನಿನ ಕ್ರಿಮಿನಲ್ ಕೋರ್ಟಾದ ಓಲ್ಡ್ ಬೈಲಿಯ ದಾಖಲೆ ತೆರೆಯಿರಿ. 1674ರಿಂದ 1913ರವರೆಗಿನ ವಿಚಾರಣೆಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. 1740ರ ದಶಕದ ಒಂದು ಸಣ್ಣ ಕಳ್ಳತನ, 1840ರ ದಶಕದ ಇನ್ನೊಂದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಹಳೆಯದರಲ್ಲಿ ಹೆಚ್ಚಾಗಿ ಕಳೆದುಕೊಂಡವನು, ಅವನ ಆಳು, ಪಕ್ಕದ ಮನೆಯವರು ಸಾಕ್ಷಿ ಹೇಳುತ್ತಾರೆ. ಹೊಸದರಲ್ಲಿ ಸಾಕ್ಷಿಯ ಹೆಸರಿನ ಪಕ್ಕ 'ಪೊಲೀಸ್ ಕಾನ್‌ಸ್ಟೇಬಲ್' ಅಂತ ಬರೆದು ಅವನ ವಿಭಾಗದ ಅಕ್ಷರ, ಅವನ ನಂಬರ್ ಹಾಕಿರುತ್ತಾರೆ.